ಕಟ್ಟೆಯ ಮೇಲೆ ಕೂತ ಮಾಸ್ತರ

ಮಗಳು ಹಾಡುವ ದಿನ ಬಸ್ಸು ಮೋಟೆಬೆನ್ನೂರಿನ ಹತ್ತಿರ ಪಂಕ್ಚರ್ ಆಗಬಹುದಿತ್ತು. ಆಗದಿದ್ದರೂ ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಜೊತೆಗಿದ್ದ ಹದಿಮೂರು ಮಕ್ಕಳಲ್ಲಿ ಒಬ್ಬರು ಕಬ್ಬಿನ ಹಾಲಿನ ಗಾಡಿಯ ಮುಂದೆ ನಿಂತು ಹಿಂದೆ ಉಳಿಯಬಹುದಿತ್ತು. ಮಗಳು ಬೆಳಿಗ್ಗೆ ತಿಂದ ಮಾವಿನಹಣ್ಣು ಗಂಟಲಿಗೆ ಕೂತುಬಿಡಬಹುದಿತ್ತು. ಹಿಂದಿನ ದಿನ ಐಸ್‌ಕ್ಯಾಂಡಿ ತಿಂದು ನನಗೆ ಹೇಳದೆ ಇದ್ದಿರಬಹುದಿತ್ತು. ಕರೆಂಟ್ ಹೋಗಬಹುದಿತ್ತು, ಕರೆಂಟ್ ಹೋದರೆ ಮೈಕ್ ಹೋಗುತ್ತದೆ, ಫ್ಯಾನ್ ಹೋಗುತ್ತದೆ, ಫ್ಯಾನ್ ಹೋದರೆ ಜನ ಹೋಗುತ್ತಾರೆ. ಕರೆಂಟ್ ಹೋಗಲೇ ಇಲ್ಲವೆಂದರೆ ಮೈಕ್ ಕುಂಯ್ ಎಂದು ಕೂಗಿ ಅವಳ ಸಾ ಮುರಿಯಬಹುದಿತ್ತು. ಮೇಡ್ಲೇರಿಯಿಂದ ಬರಬೇಕಾದ ತಬಲಾದವರಿಗೆ ಅವತ್ತೇ ಗದ್ದೆಗೆ ನೀರು ಬಿಡುವ ಪಾಳಿ ಬರಬಹುದಿತ್ತು. ಅವಳು ಎರಡನೇ ಸಾಲು ಮರೆಯಬಹುದಿತ್ತು. ಮೊದಲನೇ ಸಾಲನ್ನೇ ಮರೆಯಬಹುದಿತ್ತು. ಎಲ್ಲಕ್ಕಿಂತ ದೊಡ್ಡದು, ನಾನು ಮುಖ ಮಾಡಬಹುದಿತ್ತು.

ಇದಿಷ್ಟನ್ನೂ ನಾನು ಹಿಂದಿನ ತಿಂಗಳ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದಿಟ್ಟಿದ್ದೆ. ಬರೆದರೆ ತಲೆಯಿಂದ ಹೊರಗೆ ಹೋಗುತ್ತದೆ ಎಂದು ಯಾರೋ ಹೇಳಿದ್ದರು. ಹೋಗಲಿಲ್ಲ, ಬದಲಿಗೆ ಅಂದವಾದ ಅಕ್ಷರದಲ್ಲಿ ಕಾಣತೊಡಗಿತು. ನನ್ನ ಹೆಂಡತಿ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ ವಾಪಸು ಕೊಟ್ಟಳು.

"ಭೂಕಂಪ ಒಂದು ಬಿಟ್ಟೀರಿ ನೋಡ್ರಿ."

ಅವಳು ಒಳಗೆ ಹೋದ ಮೇಲೆ ನಾನು ಅದನ್ನೂ ಸೇರಿಸಿದೆ.

ನಾನು ಹಾವೇರಿಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವವನು. ವರ್ಷದ ಹತ್ತು ತಿಂಗಳು ಒಂದು ಶಾಲೆಯಲ್ಲಿ, ಆಟದ ಪೀರಿಯಡ್ಡಿಗೂ ಊಟದ ಗಂಟೆಗೂ ನಡುವೆ. ಬೇಸಿಗೆ ಬಂದು ಶಾಲೆ ಮುಚ್ಚಿತೆಂದರೆ ಕೆಲಸವೆಲ್ಲ ಮನೆಗೆ ಬಂದು ಕೂರುತ್ತದೆ. ಬೆಳಿಗ್ಗೆ ಏಳಕ್ಕೆ ಪಡಸಾಲೆಯಲ್ಲಿ ಹದಿಮೂರು ಮಕ್ಕಳು, ಬಾಗಿಲಲ್ಲಿ ಇಪ್ಪತ್ತಾರು ಚಪ್ಪಲಿ. ಕೆಲವು ದಿನ ಇಪ್ಪತ್ತೈದು. ವಾರಕ್ಕೆರಡು ದಿನ ಮಧ್ಯಾಹ್ನ ಪೇಟಿಯನ್ನು, ಅಂದರೆ ಹಾರ್ಮೋನಿಯಂ ಅನ್ನು, ಸ್ಕೂಟರಿನ ಕಾಲಿಡುವ ಜಾಗದಲ್ಲಿ ಇಟ್ಟುಕೊಂಡು ಬ್ಯಾಡಗಿಗೆ ಹೋಗಿ ಅಲ್ಲಿಯ ಮಕ್ಕಳಿಗೆ ಕಲಿಸುತ್ತೇನೆ. ಹೆಂಡತಿಗೂ ಬ್ಯಾಡಗಿಯಲ್ಲೇ ಕೆಲಸ. ಅವಳು ನರ್ಸ್, ಅವಳಿಗೆ ಬೇಸಿಗೆ ರಜೆ ಎಂಬುದಿಲ್ಲ, ಅವಳು ಏಳೂವರೆಯ ಬಸ್ಸು ಹಿಡಿಯುತ್ತಾಳೆ. ಆದ್ದರಿಂದ ಏಪ್ರಿಲ್, ಮೇ ಎರಡು ತಿಂಗಳು ಅಡುಗೆ ನನ್ನದು. ಮಕ್ಕಳಿಗೆ ಆರೋಹ ಹೇಳಿಕೊಡುತ್ತ ಕುಕ್ಕರಿನ ಸೀಟಿ ಎಣಿಸುತ್ತೇನೆ. ಮೂರನೇ ಸೀಟಿಗೆ ಗ್ಯಾಸ್ ಆರಿಸಲು ಎದ್ದು ಹೋಗಿ ಬರುವಷ್ಟರಲ್ಲಿ ಮಕ್ಕಳ ಸಾ ಕುಕ್ಕರಿನ ಶ್ರುತಿಗೆ ಹೋಗಿರುತ್ತದೆ.

ನನ್ನ ಮಗಳಿಗೆ ಹನ್ನೊಂದು ವರ್ಷ. ನಾಲ್ಕನೇ ವಯಸ್ಸಿನಿಂದ ನನ್ನ ಹತ್ತಿರವೇ ಕಲಿತವಳು, ಆ ಪಡಸಾಲೆಯಲ್ಲಿ, ಆ ಮಕ್ಕಳ ನಡುವೆ. ಈ ವರ್ಷ ಪರೀಕ್ಷೆ ಮುಗಿದ ಮರುದಿನ ಬೆಳಿಗ್ಗೆ ಏಳಕ್ಕೆ ಅವಳು ಬಂದು ಕೂರಲಿಲ್ಲ. ಒಳಗಿನ ಕೋಣೆಯಲ್ಲಿ ಟಿವಿ ಹಚ್ಚಿಕೊಂಡಿದ್ದಳು. ಕ್ಲಾಸು ಮುಗಿದ ಮೇಲೆ ಕೇಳಿದೆ.

"ಯಾಕ ಬರಲಿಲ್ಲ?"

"ನಾ ಇನ್ನ ಹಾಡಂಗಿಲ್ಲ. ಚಿತ್ರಾ ಬರಿಯಾಕ ಹೋಗ್ತೇನಿ."

"ಚಿತ್ರಾ ಬರಿ, ಯಾರ ಬ್ಯಾಡ ಅಂದಾರ. ಹಾಡೂದನ್ನ ಯಾಕ ಬಿಡ್ತಿ?"

"ನೀ ಮುಖಾ ಮಾಡ್ತಿ."

ನಾನು ಮಾಡುವುದಿಲ್ಲ ಎಂದೆ. ಅವಳು ಎದ್ದು ನಿಂತು ನನ್ನ ಮುಖವನ್ನು ನನಗೆ ಮಾಡಿ ತೋರಿಸಿದಳು. ಎಡ ಹುಬ್ಬು ಮೇಲೇರಿತು, ಬಾಯಿ ಒಂದು ಕಡೆಗೆ ಹೋಯಿತು, ಕೊಳೆತ ಬದನೆಕಾಯಿಗೆ ಮೂಗು ಹಿಡಿದವರ ಹಾಗೆ ಮೂಗು ಸಣ್ಣದಾಯಿತು. ಸ್ವರ ಜಾರಿದಾಗ ನಾನು ಹೀಗೆ ಮಾಡುತ್ತೇನಂತೆ. ಉಳಿದ ಮಕ್ಕಳು ಹಾಡುವಾಗ ಗೋಡೆ ಗಡಿಯಾರ ನೋಡುತ್ತಾರೆ, ಕಿಟಕಿಯಾಚೆ ಹೋಗುವ ಬೈಕು ನೋಡುತ್ತಾರೆ. ನನ್ನ ಮುಖ ನೋಡಿಕೊಂಡು ಹಾಡುವವಳು ಇವಳೊಬ್ಬಳೇ.

ಹೆಂಡತಿ ಸಂಜೆ ಬ್ಯಾಡಗಿಯಿಂದ ಬಂದವಳು ಎರಡೂ ಕಡೆಯ ಮಾತು ಕೇಳಿ, ಕೈಕಾಲು ತೊಳೆಯುವ ಮೊದಲೇ ತೀರ್ಪು ಕೊಟ್ಟಳು. "ಬ್ಯಾರೇದವ್ರ ಕಡೆ ಕಳಸ್ರಿ. ನನ್ನ ಮಗಳಿಗೆ ನಾನ ಇಂಜೆಕ್ಷನ್ ಮಾಡತೇನೇನ?"

ನಮ್ಮ ಕಸುಬಿನಲ್ಲಿ ಇದು ಹೊಸದಲ್ಲ. ಹಾಡುವವರು ತಮ್ಮ ಮಕ್ಕಳನ್ನು ಇನ್ನೊಬ್ಬರ ಹತ್ತಿರ ಕೂರಿಸುವುದು ಮೊದಲಿನಿಂದ ಇದ್ದ ರೂಢಿ. ಆದರೆ ಊರಿನ ಅರ್ಧ ಮಕ್ಕಳಿಗೆ ಸಂಗೀತ ಕಲಿಸುವವನ ಮಗಳು ಬಸ್ಸು ಹತ್ತಿ ಬೇರೆ ಊರಿಗೆ ಸಂಗೀತಕ್ಕೆ ಹೋಗುತ್ತಾಳೆಂದರೆ ಆ ಊರಿನ ಅರ್ಧ ಮಕ್ಕಳ ತಾಯಂದಿರು ಏನು ಅಂದಾರು ಎಂದು ನಾನು ಎರಡು ದಿನ ಯೋಚಿಸಿದೆ. ಮೂರನೇ ದಿನ ರಾಣೆಬೆನ್ನೂರಿನ ಅಕ್ಕೋರಿಗೆ ಫೋನು ಮಾಡಿದೆ.

ಅಕ್ಕೋರು ಹೈಸ್ಕೂಲಿನಲ್ಲಿ ಹಾಡು ಕಲಿಸಿ ನಿವೃತ್ತರಾದವರು, ಎಪ್ಪತ್ತು ದಾಟಿದೆ. ಅವರ ಮನೆಯಲ್ಲಿ ಪೇಟಿ ಇಲ್ಲ, ತಂಬೂರಿ ಒಂದೇ. ನಾವು ಹೋದಾಗ ನನ್ನನ್ನೂ ಮಗಳನ್ನೂ ಒಮ್ಮೆ ನೋಡಿದರು.

"ಹುಡುಗಿ ಒಳಗ, ಅಪ್ಪ ಹೊರಗ. ಒಪ್ಪಿಗಿ ಇದ್ರ ನಾಳೆ ನಾಕಕ್ಕ ಬರ್ರಿ."

ಮಗಳೂ ತನ್ನ ಷರತ್ತು ಹಾಕಿದಳು. ಬೇಸಿಗೆ ಮುಗಿಯುವಷ್ಟು ದಿನ ಕಲಿಯುತ್ತಾಳೆ. ಮೇ ಕೊನೆಗೆ ಅಕ್ಕೋರ ಶಿಷ್ಯರು ಒಂದು ಬೆಳಿಗ್ಗೆ ಕೂತು ಹಾಡುವುದುಂಟು, ಅಲ್ಲಿ ಹಾಡುತ್ತಾಳೆ. ನಾನು ಅಲ್ಲಿಯವರೆಗೆ ಅವಳ ಹಾಡಿನ ಬಗ್ಗೆ ಒಂದು ಮಾತೂ ಆಡಬಾರದು, ಮುಖವನ್ನೂ ಮಾಡಬಾರದು. "ಅವತ್ತ ಹಾಡಿದ ಮ್ಯಾಲ ಹೇಳ್ತೇನಿ, ಮುಂದ ಕಲೀತೇನೋ, ಬಿಡ್ತೇನೋ."

ಅವಳು ಬಿಟ್ಟೇಬಿಡುತ್ತಾಳೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ನನ್ನ ಅನುಭವದಲ್ಲಿ ಹನ್ನೊಂದನೇ ವಯಸ್ಸಿಗೆ ಬಿಟ್ಟ ಮಕ್ಕಳು ತಿರುಗಿ ಬಂದದ್ದಿಲ್ಲ. ಅವರು ನಂತರ ಮಾರುಕಟ್ಟೆಯಲ್ಲಿ ಸಿಕ್ಕಾಗ "ಸರ್ರ, ಈಗೂ ಒಮ್ಮೊಮ್ಮೆ ಗುನಗತೇನ್ರಿ" ಎನ್ನುತ್ತಾರೆ. ನನ್ನ ಮಗಳು ನನಗೆ ಹಾಗೆ ಹೇಳುವ ದಿನವನ್ನು, ಅವಳ ಕೈಯಲ್ಲಿ ಕೊತ್ತಂಬರಿ ಕಟ್ಟಿನ ಸಮೇತ, ನಾನು ಕಣ್ಣಾರೆ ಕಂಡೆ.

ಹೀಗೆ ವಾರಕ್ಕೆ ಮೂರು ದಿನ ನಾನು ಅಕ್ಕೋರ ಮನೆಯ ಕಟ್ಟೆಯ ಮೇಲೆ ಕೂತೆ. ಕಟ್ಟೆ ಪಶ್ಚಿಮಕ್ಕಿತ್ತು, ನಾಲ್ಕರಿಂದ ಐದರವರೆಗಿನ ಬಿಸಿಲು ನೇರ ಕಟ್ಟೆಗೇ ಬರುತ್ತಿತ್ತು. ಒಳಗಿನಿಂದ ಮೊದಲ ವಾರ ಬರೀ ಸಾ ಕೇಳಿಸಿತು. ಎರಡನೇ ವಾರವೂ ಸಾ. ನನ್ನ ಕ್ಲಾಸಿನಲ್ಲಿ ಎರಡು ವಾರಕ್ಕೆ ಒಂದು ಹಾಡು ಮುಗಿದಿರುತ್ತದೆ, ಮುಗಿಯದಿದ್ದರೆ ತಾಯಂದಿರು ಬಾಗಿಲಿಗೆ ಬಂದು "ಇನ್ನೂ ಸರಿಗಮನ ಏನ್ರಿ?" ಎಂದು ಕೇಳುತ್ತಾರೆ. ಕಟ್ಟೆಯ ಮೇಲೆ ಕೂತು ನಾನು ಆ ತಾಯಂದಿರಂತೆಯೇ ಚಡಪಡಿಸಿದೆ. ಮೂರನೇ ವಾರ ಒಳಗಿನಿಂದ ಬಂದದ್ದು ಭೂಪ್ ರಾಗದ ಒಂದು ಚಿಕ್ಕ ಚೀಜು, ಎರಡು ಭಾಗದ ಪುಟ್ಟ ಹಾಡು. ಅದು ನಾನು ಪ್ರತಿ ಮಗುವಿಗೂ ಮೊದಲು ಕಲಿಸುವ ಚೀಜು. ಇವಳಿಗೆ ಆರನೇ ವಯಸ್ಸಿನಲ್ಲೇ ಬರುತ್ತಿತ್ತು! ಅಕ್ಕೋರು ಗಿಡಕ್ಕೆ ನೀರು ಹಾಕಲು ಹೊರಗೆ ಬಂದಾಗ ನಾನು ಕೆಮ್ಮಿದೆ.

"ಅಕ್ಕೋರ, ಅದ ಆಕಿಗೆ ಮೊದಲ ಬರತಿತ್ತರಿ."

"ಹೌದ್ರಿ, ಬರತೈತಿ. ಅದಕ್ಕ ಅದನ್ನ ತಗೊಂಡೇನಿ. ಬಂದದ್ದನ್ನ ನೆಟ್ಟಗ ಮಾಡೂಣು." ಚೆಂಬಿನ ಕೊನೆಯ ನೀರನ್ನು ತುಳಸಿಗೆ ಹಾಕಿ, ನನ್ನ ಪಾದದ ಕಡೆ ನೋಡಿದರು. "ಮತ್ತ ಮಾಸ್ತರ್ರ, ನಿಮ್ಮ ಚಪ್ಪಲಿ ತಾಳಾ ಹಾಕಾಕತ್ತೈತಿ. ಒಳಗ ಕೇಳಸ್ತೈತಿ."

ಅವತ್ತಿನಿಂದ ಚಪ್ಪಲಿ ಕಳಚಿಟ್ಟು ಕೂತೆ.

ಮಾತು ನಿಲ್ಲಿಸುವುದು ಸುಲಭ, ಮುಖ ನಿಲ್ಲಿಸುವುದು ಹೇಗೆ? ನಾನು ಸ್ಕೂಟರಿನ ಕನ್ನಡಿಯಲ್ಲಿ ಅಭ್ಯಾಸ ಮಾಡಿದೆ. ಹುಬ್ಬು ಸಡಿಲ, ತುಟಿ ಸಡಿಲ, ದೃಷ್ಟಿ ದೂರದ ಮೇಲೆ. ಬ್ಯಾಡಗಿಯ ಕ್ಲಾಸಿನಲ್ಲಿ ಅದನ್ನು ಪ್ರಯೋಗಿಸಿ ನೋಡಿದೆ. ಒಬ್ಬ ಹುಡುಗಿ ಗಾಂಧಾರವನ್ನು ಎಲ್ಲಿಯೋ ಬಿಟ್ಟು ಬಂದಳು. ನಾನು ಕಲ್ಲಾಗಿ ಕೂತೆ. ಹಾಡು ನಿಂತಿತು. ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು.

"ಸರ್ರ, ಆರಾಮ ಇಲ್ಲೇನ್ರಿ?"

"ಆರಾಮ ಅದೇನಿ. ನೀ ಹಾಡ."

"ನಮ್ಮ ಅಜ್ಜಗ ಹಿಂಗಾ ಆಗಿತ್ತರಿ. ಮುಖದ ಒಂದ ಕಡೆ ಅಲಗಾಡತಿದ್ದಿಲ್ಲ."

ಇನ್ನೊಬ್ಬಳು ತನ್ನ ನೀರಿನ ಬಾಟಲಿ ತೆಗೆದುಕೊಟ್ಟಳು. ನಾನು ಕುಡಿದೆ, ಕುಡಿಯದಿದ್ದರೆ ಅವರು ಹೆದರುತ್ತಿದ್ದರು. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಹೆಂಡತಿಯ ಆಸ್ಪತ್ರೆ ಮುಟ್ಟಿತ್ತು. ಸಂಜೆ ಹೆಂಡತಿ ಬಂದವಳೇ ಚೀಲ ಇಳಿಸದೆ, "ಎಲ್ಲಿ, ಒಮ್ಮೆ ನಗ್ರಿ ನೋಡೂಣು. ಎರಡೂ ಕೈ ಮ್ಯಾಲ ಎತ್ತರಿ," ಎಂದು ಪರೀಕ್ಷಿಸಿದಳು.

ಮನೆಯಲ್ಲಿ ಮಗಳು ನನ್ನೆದುರು ಒಂದು ಸ್ವರವನ್ನೂ ಬಾಯಿಗೆ ತರಲಿಲ್ಲ. ಸಂಜೆ ಮಾಳಿಗೆಯ ಮೇಲೆ ಒಣ ಹಾಕಿದ ಸಂಡಿಗೆ ತರುವ ನೆವದಲ್ಲಿ ಮೇಲೆ ಹೋಗಿ, ಒಂದು ತಟ್ಟೆ ಸಂಡಿಗೆಗೆ ಮುಕ್ಕಾಲು ತಾಸು ತೆಗೆದುಕೊಳ್ಳುತ್ತಿದ್ದಳು. ನಾನು ಮೆಟ್ಟಿಲ ತಿರುವಿನವರೆಗೆ ಹೋಗಿ ನಿಲ್ಲುತ್ತಿದ್ದೆ. ಗಾಳಿಗೆ ಅರ್ಧ ಹಾರಿ ಹೋಗಿ ಅರ್ಧ ಕೇಳುತ್ತಿತ್ತು. ಚೀಜು ಎಷ್ಟು ನಿಧಾನ! ನಮ್ಮ ಪಡಸಾಲೆಯಲ್ಲಿ ಮೂರು ಸಲ ಹಾಡುವಷ್ಟರಲ್ಲಿ ಇಲ್ಲಿ ಒಂದು ಸಲ. ಇಷ್ಟು ನಿಧಾನಕ್ಕೆ ಹನ್ನೊಂದು ವರ್ಷದವಳ ಉಸಿರು ಸಾಲುತ್ತದೆಯೇ? ನಡುವೆ ಕೆಮ್ಮು ಬಂದರೆ? ಒಮ್ಮೆ ಹಾಗೆ ನಿಂತಾಗ ಹೆಂಡತಿ ಕೆಳಗಿನಿಂದ ನೋಡಿದಳು.

"ಮೆಟ್ಟಲ ಮ್ಯಾಲ ಏನ ಮಾಡಾಕತ್ತೀರಿ?"

"ಚಪ್ಪಲಿ ಹುಡುಕಾಕತ್ತೇನಿ."

"ಕಾಲಾಗ ಅದಾವು."

ಮೇ ಕೊನೆಯ ಭಾನುವಾರ ಬಂತು. ಅಕ್ಕೋರು ಹಿಂದಿನ ವಾರವೇ, "ನಿಮ್ಮ ಮಕ್ಕಳನ್ನೂ ಕರ್ಕೊಂಡ ಬರ್ರಿ, ಮಕ್ಕಳ ಹಾಡ ಮಕ್ಕಳ ಕೇಳ್ಲಿ," ಎಂದಿದ್ದರು. ಆದ್ದರಿಂದ ಹಾವೇರಿಯ ಹದಿಮೂರೂ ಜನ ನನ್ನ ಜೊತೆ ಬಸ್ಸು ಹತ್ತಿದರು. ನಾನು ಹಾವೇರಿಯಲ್ಲಿ ಎಣಿಸಿದೆ, ಮೋಟೆಬೆನ್ನೂರಿನಲ್ಲಿ ಎಣಿಸಿದೆ, ರಾಣೆಬೆನ್ನೂರಿನಲ್ಲಿ ಇಳಿಸಿ ಎಣಿಸಿದೆ. ಒಮ್ಮೆ ಹದಿನಾಲ್ಕು ಬಂದು ಮತ್ತೆ ಮೊದಲಿನಿಂದ ಎಣಿಸಿದೆ. ನನ್ನ ಮಗಳನ್ನೂ ಸೇರಿಸಿದ್ದೆ.

ಪಂಕ್ಚರ್ ಆಗಲಿಲ್ಲ. ಕಬ್ಬಿನ ಹಾಲಿನ ಗಾಡಿಯವ ಅವತ್ತು ಬಂದೇ ಇರಲಿಲ್ಲ. ತಬಲಾದವರು ನಸುಕಿನಲ್ಲೇ ಗದ್ದೆಗೆ ನೀರು ಬಿಟ್ಟು ಮುಗಿಸಿ ನಮಗಿಂತ ಅರ್ಧ ತಾಸು ಮೊದಲು ಬಂದು, ಪಂಜೆಯ ಅಂಚಿನ ಕೆಸರು ಒಣಗಿಸಿಕೊಳ್ಳುತ್ತ ಸುತ್ತಿಗೆಯಿಂದ ತಬಲಾ ಶ್ರುತಿ ಮಾಡುತ್ತಿದ್ದರು. ಕರೆಂಟ್ ಇತ್ತು. ಮೈಕನ್ನು ಅಕ್ಕೋರೇ ಬೇಡವೆಂದಿದ್ದರು. ಸಣ್ಣ ಸಭಾಗೃಹ, ಎಂಬತ್ತು ಕುರ್ಚಿ. ಹೆಂಡತಿಗೆ ರಜೆ ಸಿಕ್ಕಿತ್ತು, ಅವಳು ಮುಂದಿನ ಸಾಲಿಗೆ ಹೋದಳು. ಹೋಗುವ ಮುಂಚೆ ನನ್ನ ಗದ್ದ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ, "ಹಿಂಗಾ ಇರ್ರಿ," ಎಂದಳು. ನನ್ನ ಮುಖ ಮಗಳಿಗೆ ಕಾಣಬಾರದೆಂದು ನಾನು ಕೊನೆಯ ಸಾಲಿನಲ್ಲಿ ಕೂತೆ. ಖಾಲಿ ಕುರ್ಚಿಗಳಿದ್ದದ್ದು ಅಲ್ಲೇ ಆದ್ದರಿಂದ ನನ್ನ ಹದಿಮೂರು ಮಕ್ಕಳೂ ನನ್ನ ಎಡಬಲಕ್ಕೆ ಕೂತರು.

ಮಗಳು ನಾಲ್ಕನೆಯವಳಾಗಿ ಬಂದು ತಂಬೂರಿಯ ಮುಂದೆ ಕೂತಳು. ನಾನು ಮುಂದಿನ ಕುರ್ಚಿಯಲ್ಲಿದ್ದ ಹೆಣ್ಣುಮಗಳ ಜಡೆಯ ಕೆಂಪು ರಿಬ್ಬನ್ನಿನ ಮೇಲೆ ಕಣ್ಣು ನೆಟ್ಟೆ. ಮಗಳು ಸಾ ಹಚ್ಚಿದಳು. ಅದು ಅಲುಗದೆ ನಿಂತಿತು. ಹೇಗೆ ಹೇಳಲಿ? ನಾನು ಇಪ್ಪತ್ತು ವರ್ಷದಿಂದ ಮಕ್ಕಳ ಸಾ ಕೇಳಿದವನು. ಅದು ಸಾಮಾನ್ಯವಾಗಿ ಯಾರೋ ಬೆನ್ನಟ್ಟಿದ ಹಾಗೆ ಓಡುತ್ತಿರುತ್ತದೆ. ಇದು ಕೂತುಕೊಂಡಿತು. ರಿಬ್ಬನ್ನು ಮಸುಕಾಯಿತು, ಕಣ್ಣು ಒರೆಸಿಕೊಂಡೆ. ಚೀಜಿನ ಮೊದಲ ಭಾಗವನ್ನು ಅವಳು ಎರಡು ಸಲ, ಆ ನಿಧಾನದಲ್ಲಿ, ಉಸಿರು ಎಲ್ಲಿಯೂ ಸಾಲದೆ ಹೋಗದಂತೆ ಹಾಡಿ ಮುಗಿಸಿ ಸುಮ್ಮನಾದಳು.

ಸುಮ್ಮನೆಯೇ ಇದ್ದಳು.

ತಬಲಾ ಒಂದೇ ನಡೆಯುತ್ತಿತ್ತು. ಎರಡನೇ ಭಾಗ ಎತ್ತಿಕೊಳ್ಳುವ ಮುಂಚೆ ತಾಳದ ಒಂದು ಸುತ್ತು, ಹದಿನಾರು ಮಾತ್ರೆ, ಪೂರ್ತಿ ಕೇಳಿಸಿಕೊಂಡು ಕಾಯುವುದು ಅಕ್ಕೋರ ಪದ್ಧತಿ ಎಂದು ನನಗೆ ಆಮೇಲೆ ಗೊತ್ತಾಯಿತು. ಆಗ ನಾನು ಎಣಿಸುತ್ತಿದ್ದೆ. ನಾಲ್ಕು. ಐದು. ಮರೆತಳು. ಏಳು. ಖಂಡಿತ ಮರೆತಳು. ಒಂಬತ್ತಕ್ಕೆ ನನ್ನ ಬಲಗೈ ನನ್ನನ್ನು ಕೇಳದೆ ಎದ್ದು ನನ್ನ ತೊಡೆಯ ಮೇಲೆ ಒಂದು ಏಟು ಹೊಡೆಯಿತು.

ನನ್ನ ಕ್ಲಾಸಿನಲ್ಲಿ ಒಂದು ಪದ್ಧತಿ ಇದೆ. ಹಾಡುತ್ತಿರುವ ಮಗು ಮುಂದಿನದು ಮರೆತು ನಿಂತರೆ ನಾನು ಬಾಯಿ ಬಿಡುವುದಿಲ್ಲ, ತೊಡೆಗೆ ಒಂದು ಏಟು ಹಾಕುತ್ತೇನೆ. ಅಂದರೆ ಉಳಿದವರೆಲ್ಲ ಕೂಡಿ ಮುಂದಿನ ಸಾಲು ಎತ್ತಿಕೊಡಬೇಕು. ಆ ಮಕ್ಕಳು ನನ್ನ ಬೇರೆ ಯಾವ ಮಾತನ್ನೂ ಕೇಳುವವರಲ್ಲ. ಇದನ್ನು ಮಾತ್ರ ಕೇಳುತ್ತಾರೆ.

ಹದಿಮೂರು ಜನ ಬೆನ್ನು ನೆಟ್ಟಗೆ ಮಾಡಿ ಎರಡನೇ ಭಾಗವನ್ನು ಪಂಚಮದಿಂದ, ಅಂದರೆ ಪ ಸ್ವರದಿಂದ, ಎತ್ತಿದರು. ಪಡಸಾಲೆಯಿಂದ ಬೀದಿಗೆ ಕೇಳಬೇಕೆಂದು ನಾನು ಕಲಿಸಿದ ಗಂಟಲಿನಲ್ಲಿ, ನಾನು ಕಲಿಸಿದ ವೇಗದಲ್ಲಿ. ಮುಂದಿನ ಸಾಲುಗಳೆಲ್ಲ ತಿರುಗಿದವು. ತಬಲಾದವರು ತಲೆ ಎತ್ತಿ ನೋಡಿದರು, ಕೈ ಮಾತ್ರ ಬಿಡಲಿಲ್ಲ. ಹೆಂಡತಿ ತಿರುಗಲಿಲ್ಲ, ಅವಳ ಹೆಗಲು ಕುಣಿಯುತ್ತಿತ್ತು, ಅದು ನಗುವೋ ಸಿಟ್ಟೋ ಹಿಂದಿನಿಂದ ತಿಳಿಯುವಂತಿರಲಿಲ್ಲ. ಒಂದು ಸಾಲು ಮುಗಿಸಿ ಮಕ್ಕಳು ನಿಂತರು, ಮುಂದಿನದಕ್ಕೆ ನನ್ನ ತೊಡೆ ನೋಡಿದರು. ನಾನು ಎರಡೂ ಕೈಗಳ ಮೇಲೆ ಕೂತಿದ್ದೆ.

ಮಗಳು ನಮ್ಮ ಕಡೆ ನೋಡಿದಳು. ನನ್ನ ಮುಖ ಆಗ ಏನು ಮಾಡಿತೋ ನನಗೆ ತಿಳಿಯದು. ಸ್ಕೂಟರ್ ಕನ್ನಡಿ ಕೈಗೆಟುಕುವಷ್ಟು ಹತ್ತಿರ ಇರಲಿಲ್ಲ. ಅವಳು ತಬಲಾ ಒಂದು ಸುತ್ತು ಮುಗಿಸಿ ಬರುವವರೆಗೆ ಕಾಯ್ದಳು. ಆಮೇಲೆ ಅದೇ ಎರಡನೇ ಭಾಗವನ್ನು, ಮೊದಲಿನಿಂದ, ತನ್ನ ನಿಧಾನದಲ್ಲೇ ಎತ್ತಿದಳು. ಜನ ಇದೆಲ್ಲ ಮೊದಲೇ ಗೊತ್ತುಮಾಡಿದ್ದೆಂದು ತಿಳಿದು ನಡುವೆಯೇ ಚಪ್ಪಾಳೆ ಹೊಡೆದರು.

ಮುಗಿದ ಮೇಲೆ ಉಪ್ಪಿಟ್ಟಿನ ತಟ್ಟೆ ಹಿಡಿದು ಅಕ್ಕೋರು ನನ್ನ ಹತ್ತಿರ ಬಂದರು. "ಮಾಸ್ತರ್ರ, ಇವತ್ತೂ ನಿಮ್ಮನ್ನ ಹೊರಗ ಕುಂದ್ರಸಬೇಕಾಗಿತ್ತು. ನನ್ನ ತಪ್ಪಾತು." ತಬಲಾದವರು ನನ್ನ ಮಕ್ಕಳ ಧೈರ್ಯ ಹೊಗಳಿದರು. ಮಗಳು ಉಪ್ಪಿಟ್ಟು ತಿಂದಳು, ತಟ್ಟೆ ತೊಳೆದಿಟ್ಟಳು, ಅಕ್ಕೋರ ಕಾಲಿಗೆ ನಮಸ್ಕಾರ ಮಾಡಿದಳು, ಬಸ್ಸಿನಲ್ಲಿ ಕಿಟಕಿಯ ಪಕ್ಕ ತಾಯಿಯ ಜೊತೆ ಕೂತಳು. ನಾನು ಹಿಂದಿನ ಸೀಟಿನಲ್ಲಿ. ಅವಳ ಕುತ್ತಿಗೆಯನ್ನೇ ನೋಡುತ್ತ, ಚಿತ್ರಕಲೆಯ ಕ್ಲಾಸು ಹಾವೇರಿಯಲ್ಲಿ ಎಲ್ಲಿದೆ, ಎಷ್ಟು ಗಂಟೆಗೆ, ಬಣ್ಣ ಅವರೇ ಕೊಡುತ್ತಾರೋ ನಾವು ಒಯ್ಯಬೇಕೋ ಎಂದು ಯೋಚಿಸುತ್ತಿದ್ದೆ.

ಮೋಟೆಬೆನ್ನೂರು ದಾಟಿದ ಮೇಲೆ ಅವಳು ಸೀಟಿನ ಮೇಲೆ ಮೊಣಕಾಲೂರಿ ಹಿಂದೆ ತಿರುಗಿದಳು.

"ಅಪ್ಪಾ, ಅಕ್ಕೋರು ನಾಳೆ ನಾಕಕ್ಕ ಬಾ ಅಂದಾರ. ಹೊಸಾದು ಹೇಳಿಕೊಡತಾರಂತ."

ನಾನು ತಲೆ ಆಡಿಸಿದೆ.

"ಮತ್ತ, ನಿನ್ನ ಹುಡುಗ್ರ ಪಂಚಮ ಶ್ರುತಿಗಿಂತ ಕಡಿಮಿ ಇತ್ತು."

"ಯಾರದು?"

"ಎಲ್ಲಾರದೂ. ಒಂದೀಟ. ಎಲ್ಲಾರದೂ ಅಷ್ಟ."

ನನಗೆ ಕೇಳಿಸಿರಲಿಲ್ಲ. ಗಾಬರಿಯಲ್ಲಿ ಕೇಳಿಸದೆ ಹೋಗಿರಬೇಕು ಎಂದುಕೊಂಡೆ. ಹನ್ನೊಂದು ವರ್ಷದವಳು, ಸಿಟ್ಟಿಗೆ ಅಂದಿರಬೇಕು ಎಂದೂ ಅಂದುಕೊಂಡೆ. ಸೋಮವಾರ ಬೆಳಿಗ್ಗೆ ಏಳಕ್ಕೆ ಮಕ್ಕಳು ಬಂದು ಕೂತಾಗ ಪೇಟಿ ಮುಟ್ಟದೆ, ಫೋನಿನಲ್ಲಿ ತಂಬೂರಿ ಹಚ್ಚಿಟ್ಟು, ಒಬ್ಬೊಬ್ಬರಿಂದ ಪಂಚಮ ಹಾಡಿಸಿದೆ. ಮೊದಲನೆಯವನದು ಕಡಿಮೆ. ಎರಡನೆಯವಳದೂ ಕಡಿಮೆ. ಹದಿಮೂರನೆಯವಳವರೆಗೂ, ಒಂದೇ ಅಳತೆಗೆ. ಇಪ್ಪತ್ತು ವರ್ಷದಲ್ಲಿ ನಾನು ಯಾವುದನ್ನೂ ಇಷ್ಟು ಕರಾರುವಾಕ್ಕಾಗಿ ಕಲಿಸಿರಲಿಲ್ಲ.

"ಸರ್ರ, ಸರಿ ಬಂತೇನ್ರಿ?"

ನಾನು ಪೇಟಿ ಹತ್ತಿರ ಎಳೆದುಕೊಂಡು, ತಂಬೂರಿಯ ಮೇಲೆಯೇ, ಪಂಚಮದ ಮನೆಯನ್ನು ಒತ್ತಿ ಹಿಡಿದೆ. ಅದೂ ಕಡಿಮೆ. ಒಳಗಿನ ರೀಡು, ಸ್ವರ ಹೊರಡಿಸುವ ಹಿತ್ತಾಳೆಯ ಪಟ್ಟಿ, ಯಾವಾಗ ಇಳಿದಿತ್ತೋ. ಈ ವರ್ಷವೋ, ಹಿಂದಿನ ವರ್ಷವೋ. ನನ್ನ ಕಿವಿ ಅದರ ಜೊತೆಯೇ ಇಳಿದು ಅಲ್ಲೇ ಸಂಸಾರ ಹೂಡಿತ್ತು. ಈ ಪಡಸಾಲೆಯಲ್ಲಿ ಮಗಳು ಪಂಚಮಕ್ಕೆ ಬಂದಾಗ ನಾನು ಹುಬ್ಬೇರಿಸಿದ ಬೆಳಗುಗಳಲ್ಲಿ ಎಷ್ಟು ಸಲ ಅವಳದು ಸರಿಯಿತ್ತು ಎಂದು ಈಗ ಎಣಿಸಲು ಬರುವುದಿಲ್ಲ. ಇಡೀ ಬೇಸಿಗೆಯಲ್ಲಿ ಕೆಟ್ಟದ್ದು ಅದೊಂದೇ: ನನ್ನ ಪೇಟಿಯ ಪಂಚಮ, ಕೂದಲೆಳೆಯಷ್ಟು.